ನಂಬರು ಅಳಿದ ಸುರುಳಿ ಕಲ್ಲು

ನಮ್ಮ ಬಾವ ಚಲಪತಿಗೆ ಓದು ಮೂರನೇ ಕ್ಲಾಸು. ನನ್ನದು ಐದು. ಇಬ್ಬರೂ ತಮಿಳುನಾಡಿಗೆ ಸೇರಿದ ಗುಮ್ಮಳಾಪುರದ ಅದೇ ಕನ್ನಡ ಶಾಲೆಯಲ್ಲಿ ಕೂತು ಕಲಿತವರು, ಅವನು ನನಗಿಂತ ಹತ್ತು ವರ್ಷ ಮೊದಲು. ಅವನು ಸತ್ತು ಈ ಯುಗಾದಿಗೆ ವರ್ಷ ತುಂಬಿತು. ಅಪ್ಪನ ವಿಷಯ ಬರೆದಿಡು ಮಾಮ ಎಂದು ಅವನ ಮಗಳು ಭೂಮಿಕಾ ಗಂಟುಬಿದ್ದಿದ್ದಾಳೆ. ಬರೆಯುತ್ತೇನೆ. ಆದರೆ ಒಳ್ಳೆಯದನ್ನು ಮಾತ್ರ ಬರೆ ಎಂದರೆ ನನ್ನಿಂದ ಆಗುವುದಿಲ್ಲ. ಅವನ ಕತೆಯಲ್ಲಿ ಕೆಟ್ಟ ಕೆಲಸ ಮಾಡಿದವನು ನಾನೇ.

ಬಾವ ಹದಿನೈದಕ್ಕೇ ಕ್ವಾರಿ ಸೇರಿದ. ಡೆಂಕಣಿಕೋಟೆ ಕಡೆಯ ಬೆಟ್ಟದಲ್ಲಿ ಕಲ್ಲು ಒಡೆಯುವ ಕೆಲಸ. ಸುತ್ತಿಗೆಯಿಂದ ಬಂಡೆಯನ್ನು ಮೆಲ್ಲಗೆ ತಟ್ಟಿ ಕಿವಿ ಇಡುತ್ತಿದ್ದ. ‘ಟಣ್’ ಎಂದರೆ ಗಟ್ಟಿ, ‘ಡಬ್’ ಎಂದರೆ ಒಳಗೆ ಬಿರುಕು. ನಮ್ಮಕ್ಕ ಮುನಿಲಕ್ಷ್ಮಿಯನ್ನು ನೋಡಲು ಬಂದ ದಿನ ನಮ್ಮ ಮನೆಯ ಹೊಸ್ತಿಲ ಕಲ್ಲನ್ನೂ ಗೆಣ್ಣಿನಿಂದ ತಟ್ಟಿ ನೋಡಿಯೇ ಒಳಗೆ ಬಂದಿದ್ದ. ಅಕ್ಕ ಅದನ್ನು ಸಾಯುವ ತನಕ ಬಿಡುವವಳಲ್ಲ. “ಅವತ್ತು ನನ್ ತಲೆ ತಟ್ಟಿದ್ರೆ ಡಬ್ ಅಂತಿತ್ತು. ಇಲ್ದಿದ್ರೆ ಇವನನ್ನ ಒಪ್ತಿದ್ನಾ?” ಎನ್ನುತ್ತಾಳೆ. ಬಾವ ನಗುತ್ತಿದ್ದ. ಅವನ ಬಾಯಲ್ಲಿ ಒಂದು ಬಿರುಸು ಮಾತು ನಾನು ಕೇಳಿದವನಲ್ಲ. ಆ ಕೆಲಸವನ್ನೆಲ್ಲ ನಾನೇ ಗುತ್ತಿಗೆ ಹಿಡಿದಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲಿ.

ಕ್ವಾರಿಯಲ್ಲಿ ಒಂದು ಪದ್ಧತಿ ಇದೆ. ಬೆಟ್ಟದಿಂದ ಕಲ್ಲು ಬೇರೆಯಾದ ಕೂಡಲೇ ಅದರ ಮೈಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆಯಬೇಕು. ಬೆಟ್ಟದ ಯಾವ ಮಗ್ಗುಲು, ಎಷ್ಟನೇ ಕಲ್ಲು, ಎಲ್ಲ ಅದರಲ್ಲಿ ಬರಬೇಕು. ನಂಬರಿಲ್ಲದ ಕಲ್ಲು ಹೆತ್ತವರಿಲ್ಲದ ಮಗು ಎಂದು ಅಲ್ಲಿನ ಮೇಸ್ತ್ರಿ ಹೇಳುತ್ತಿದ್ದನಂತೆ. ಬಾವನಿಗೆ ಆ ಮಾತು ರಕ್ತದಲ್ಲಿ ಇಳಿದಿತ್ತು.

ಭೂಮಿಕಾ ಹುಟ್ಟುವುದಕ್ಕೆ ಎರಡು ವರ್ಷ ಮೊದಲು ಆ ಕ್ವಾರಿ ಮುಚ್ಚಿತು. ಬಾವ ಬಾವಿ ತೋಡುವವರ ಗುಂಪು ಸೇರಿ ಅರಿಯಲೂರು, ಪೆರಂಬಲೂರು ಕಡೆ ಹೋದ. ಆರು ತಿಂಗಳಲ್ಲಿ ಹದಿನೇಳು ಬಾವಿ ತೋಡಿದರು. ನಮ್ಮ ಕಡೆ ಹತ್ತು ಅಡಿ ಇಳಿದರೆ ಬಂಡೆ ಎದುರಾಗುತ್ತದೆ. ಅಲ್ಲಿ ಮಣ್ಣು, ಅದರ ಕೆಳಗೆ ಸುಣ್ಣದ ಕಲ್ಲು, ಮತ್ತೆ ಬೂದಿ ಬಣ್ಣದ ಜೇಡಿ, ಒಬ್ಬಟ್ಟು ಪೇರಿಸಿಟ್ಟ ಹಾಗೆ ಪದರದ ಮೇಲೆ ಪದರ. ಒಂದು ಬಾವಿಯ ಜೇಡಿಯಲ್ಲಿ ಬಾವನ ಗುದ್ದಲಿಗೆ ಒಂದು ಕಲ್ಲು ತಗುಲಿತು. ಅಗಲ ಊಟದ ತಟ್ಟೆಯಷ್ಟು. ಚಕ್ಕುಲಿಯ ಹಾಗೆ ಸುತ್ತಿಕೊಂಡಿದೆ, ಟಗರಿನ ಕೊಂಬಿನ ಹಾಗೆ ಮೈತುಂಬ ಏಣು, ಏಣಿನ ತುದಿಗೆ ಗಂಟಿನಂಥ ಸಣ್ಣ ಸಣ್ಣ ಗುಬಟು. ಜೊತೆಯವರು ಮಣ್ಣಿನ ರಾಶಿಗೆ ಎಸೆ ಎಂದರು. ಬಾವ ಎಸೆಯಲಿಲ್ಲ. ಬಾವಿಯ ಗೋಡೆಗೆ ಅಡಿಯ ಗುರುತು ಹಾಕಲು ಇಟ್ಟಿದ್ದ ಕೆಂಪು ಬಣ್ಣ ತೆಗೆದುಕೊಂಡು, ಕಲ್ಲಿನ ಹಿಂಬದಿಯಲ್ಲಿ ಊರಿನ ಮೊದಲಕ್ಷರ, ಹೊಲದವನ ಮೊದಲಕ್ಷರ, ಎಷ್ಟನೇ ಬಾವಿ, ಎಷ್ಟು ಅಡಿ ಎಂದು ಬರೆದ. ಕನ್ನಡದಲ್ಲಿ ಬರೆದ. ಅವನಿಗೆ ಬರುತ್ತಿದ್ದುದು ಅದೊಂದೇ.

ಆ ಕಲ್ಲು ಅವನ ಜೊತೆ ಊರಿಗೆ ಬಂತು. ಆಮೇಲೆ ಬಾವ ಹೊಸೂರಿನ ಹತ್ತಿರದ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಪಾಲಿಶ್ ಕೆಲಸಕ್ಕೆ ಸೇರಿ ಮೂಕಂಡಪಲ್ಲಿಯಲ್ಲಿ ಬಾಡಿಗೆ ಮನೆ ಹಿಡಿದಾಗ ಕಲ್ಲೂ ಜೊತೆಗೆ ಬಂತು. ಮೂರು ಮನೆ ಬದಲಾಯಿಸಿದರು. ಮೂರರಲ್ಲೂ ಅದಕ್ಕೆ ಜಾಗ ದೇವರ ಗೂಡಿನಲ್ಲಿ. ಅಕ್ಕ ಅದನ್ನು ಸಾಲಿಗ್ರಾಮ ಎಂದು ನಂಬಿದ್ದಳು. ಶನಿವಾರ ಶನಿವಾರ ಹೂವು ಇಡುತ್ತಿದ್ದಳು. ಅಭಿಷೇಕ ಮಾಡಲು ಮಾತ್ರ ಬಾವ ಬಿಡುತ್ತಿರಲಿಲ್ಲ. “ನೀರು ಹಾಕ್ಬ್ಯಾಡ ಕಣೆ, ಅದರ ಮಣ್ಣು ಹೋಗ್ಬುಡ್ತದೆ” ಎನ್ನುತ್ತಿದ್ದ.

“ಎಲ್ಲಿ ಸಿಕ್ಕಿದ್ದು ಬಾವ ಇದು?” ಎಂದು ನಾನು ಒಮ್ಮೆ ಕೇಳಿದ್ದೆ.

“ಕಲ್ಲಿನ ಮ್ಯಾಲೇ ಬರ್ದೀನಲ್ಲ. ತಲೇಲಿ ಯಾಕ್ಲಾ ಇಟ್ಕೊಳ್ಳಲಿ?” ಎಂದಿದ್ದ.

ನನ್ನನ್ನೂ ಅದೇ ಫ್ಯಾಕ್ಟರಿಗೆ ಸೇರಿಸಿದವನು ಅವನೇ. ನಾನು ಅವಲಪಲ್ಲಿಯಲ್ಲಿ ಮನೆ ಮಾಡಿದೆ. ಹದಿನೆಂಟು ವರ್ಷ ಇಬ್ಬರೂ ಅಕ್ಕಪಕ್ಕದ ಮೆಷಿನ್ನಿನಲ್ಲಿ ನಿಂತೆವು. ನಾವು ಹೊಳಪು ಕೊಟ್ಟ ಕಪ್ಪು ಕಲ್ಲು ಹೆಚ್ಚಾಗಿ ಸಮಾಧಿಗೆ ಹೋಗುವುದು, ಹಡಗಿನಲ್ಲಿ, ಎಲ್ಲೆಲ್ಲೋ ದೇಶಕ್ಕೆ. ಹೆಸರು ಕೆತ್ತುವುದು ಅಲ್ಲಿ ಹೋದ ಮೇಲೆ. ಹೊಳಪು ಬಂದ ಕಲ್ಲಿನಲ್ಲಿ ಮುಖ ನೋಡಿಕೊಂಡು ಬಾವ ಹೇಳುತ್ತಿದ್ದ, “ಎಷ್ಟು ಕಲ್ಲು ಉಜ್ಜಿದ್ವಲಾ ಗೋಪಾಲ, ಎಲ್ಲಾದ್ರ ಮೇಲೂ ಬೇರೆಯೋರ ಹೆಸ್ರು. ನಮ್ದು ಅಂತ ಒಂದರ ಮೇಲಾದ್ರೂ ಬ್ಯಾಡ್ವಾ?”

“ಸಮಾಧಿ ಕಲ್ಲಿನ ಮೇಲೆ ಹೆಸ್ರು ಬೇಕಂತೆ! ಸುಮ್ಕಿರು ಬಾವ” ಎಂದು ಗದರಿದ್ದೆ.

ಐವತ್ತೆರಡಕ್ಕೆ ಬಾವನಿಗೆ ಕೆಮ್ಮು ಹಿಡಿಯಿತು. ಮೊದಲು ಟಿ.ಬಿ. ಎಂದು ಮಾತ್ರೆ ನುಂಗಿಸಿದರು. ಆಮೇಲೆ ಇನ್ನೊಬ್ಬ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, ಇದು ಕಲ್ಲಿನ ದೂಳು, ಒಳಗೆ ಕೂತಿರುವುದು ಇನ್ನು ಹೊರಗೆ ಬರುವುದಿಲ್ಲ ಎಂದರು. ಬಾವ ಕೆಲಸ ಬಿಟ್ಟ. ಮೂಕಂಡಪಲ್ಲಿಯ ಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಬಚ್ಚಲಿಗೆ ಹೋಗಿ ಬರಲು ಎರಡು ಕಡೆ ನಿಲ್ಲಬೇಕಿತ್ತು.

ಆ ಹೊತ್ತಿಗೆ ಭೂಮಿಕಾ ಕೃಷ್ಣಗಿರಿ ಕಡೆಯ ಒಂದು ಕಾಲೇಜಿನಲ್ಲಿ ಭೂಮಿ, ಕಲ್ಲು, ಗಣಿ ಇದರ ಪಾಠವನ್ನೇ ಓದುತ್ತಿದ್ದಳು. ಅಪ್ಪನ ಕಲ್ಲಿನ ಫೋಟೋ ತೆಗೆದು ತನ್ನ ಮೇಡಂ ಚಂದ್ರಲೇಖಾ ಅವರಿಗೆ ತೋರಿಸಿದಳು. ಆ ಮೇಡಂ ಮನೆಯಲ್ಲಿ ತೆಲುಗು, ಕ್ಲಾಸಿನಲ್ಲಿ ತಮಿಳು, ನಮ್ಮಂಥವರ ಹತ್ತಿರ ನಮ್ಮದೇ ಕನ್ನಡ ಮಾತಾಡುವವರು. ಫೋಟೋ ನೋಡಿ ಎದ್ದು ನಿಂತರಂತೆ. ಇದು ಅಮೋನೈಟ್. ಸಮುದ್ರದ ಜೀವಿಯ ಚಿಪ್ಪು ಕಲ್ಲಾದದ್ದು. ಇದರ ಗುಬಟು ನೋಡಿದರೆ ಆ ಕಡೆ ತಾನು ಕಂಡ ಯಾವ ಜಾತಿಯಂತೆಯೂ ಇಲ್ಲ, ಹೊಸದು ಎಂದು ಈಗಲೇ ಹೇಳುವುದಿಲ್ಲ, ಹೊಸದಾಗಿದ್ದರೂ ಇರಬಹುದು, ದೊಡ್ಡ ಪಂಡಿತರೊಬ್ಬರಿಗೆ ತೋರಿಸಬೇಕು ಎಂದರಂತೆ. “ಇದು ಯಾವ ಜಾಗ, ಎಷ್ಟು ಆಳ ಅನ್ನೋದು ಗೊತ್ತಿದೆಯಾ?” ಎಂದು ಕೇಳಿದರಂತೆ. ಅಪ್ಪ ಕಲ್ಲಿನ ಮೇಲೇ ಬರೆದಿದ್ದಾರೆ ಎಂದು ಇವಳು ಹೇಳಿದ್ದಕ್ಕೆ, “ಅಷ್ಟು ಬುದ್ಧಿ ಓದಿದ ನಮಗೇ ಇರಲ್ಲಮ್ಮ” ಎಂದರಂತೆ. ತೊಳೆಯಬೇಡಿ, ಹಾಗೇ ತನ್ನಿ, ಸೋಮವಾರ ಅಪ್ಪನನ್ನೂ ಕರೆದುಕೊಂಡು ಬಾ, ಪೆಟ್ಟಿಗೆಯಲ್ಲಿಟ್ಟು ಚೀಟಿ ಬರೆಯೋಣ, ಇದನ್ನು ಮೊದಲು ಕಂಡವರು ಎಂದು ನಿಮ್ಮಪ್ಪನ ಹೆಸರು ಹಾಕೋಣ ಎಂದರಂತೆ.

ಬಾವ ಮಗಳ ಕೈಲಿ ಆ ಮಾತನ್ನು ಮೂರು ಸಲ ಹೇಳಿಸಿಕೊಂಡನಂತೆ. ಕಂಡವರು, ಚಲಪತಿ, ಗುಮ್ಮಳಾಪುರ.

ಇಷ್ಟೊಂದು ‘ಅಂತೆ’ ಯಾಕೆ ಎಂದರೆ, ಆ ದಿನಗಳಲ್ಲಿ ನಾನು ಆ ಮನೆಗೆ ಹೋಗುತ್ತಿರಲಿಲ್ಲ. ಜಗಳ ಆಡಿದ್ದೆ. ಮಡಿ ಇಲ್ಲದ ಮನೆಯಲ್ಲಿ ಸಾಲಿಗ್ರಾಮ ಇಟ್ಟುಕೊಂಡಿದ್ದಕ್ಕೇ ಈ ಕಾಯಿಲೆ ಬಂತು, ಕೆರೆಗೆ ಬಿಟ್ಟು ಬಾ ಎಂದು ಅಕ್ಕ ನನಗೆ ಹೇಳಿದಳು. ನನಗೆ ಮೈ ಉರಿಯಿತು.

“ದೂಳು ಕುಡ್ದು ಬಂದ ಕಾಯ್ಲೆ ಕಣೆ ಅದು. ದೇವ್ರ ಮೇಲೆ ಯಾಕ್ ಹಾಕ್ತೀಯ?”

“ನೀನೂ ಅದೇ ದೂಳು ಕುಡ್ದೆಯಲ್ಲ, ನಿಂಗ್ಯಾಕೆ ಬರ್ಲಿಲ್ಲ?”

ಉತ್ತರ ಇಲ್ಲದಾಗಲೇ ನನಗೆ ಕೋಪ ಜಾಸ್ತಿ. ಮುಂದಿದ್ದ ತಟ್ಟೆ ಎತ್ತಿ ಎಸೆದೆ. ಮುದ್ದೆ ಗೋಡೆಗೆ ಹೋಗಿ ಅಂಟಿತು. “ಈ ಮನೆಗೆ ಕಾಲಿಟ್ರೆ ಕೇಳು” ಎಂದು ಹೊರಟು ಬಂದೆ. ಎಂಟು ದಿನ ಹೋಗಲಿಲ್ಲ. ಭೂಮಿಕಾ ಫೋನ್ ಮಾಡಿದರೂ ತೆಗೆಯಲಿಲ್ಲ. ಆ ಫೋನ್ ತೆಗೆದಿದ್ದರೆ ಈ ಕತೆಯೇ ಬೇರೆ ಆಗುತ್ತಿತ್ತು.

ಎಂಟು ದಿನ ಆದ ಮೇಲೆ ಕೋಪ ಇಳಿದು ನಾಚಿಕೆ ಸುರುವಾಯಿತು. ಬರಿಗೈಲಿ ಹೇಗೆ ಹೋಗುವುದು? ಇಂಥದ್ದೇ ಸುರುಳಿ ಕಲ್ಲನ್ನು ಪಾಲಿಶ್ ಮಾಡಿ ಸಾಹುಕಾರರು ಗಾಜಿನ ಬೀರುವಿನಲ್ಲಿ ಮಕಮಲ್ ಬಟ್ಟೆಯ ಮೇಲೆ ಇಟ್ಟುಕೊಳ್ಳುವುದನ್ನು ನಾನು ಮೊಬೈಲಿನಲ್ಲಿ ನೋಡಿದ್ದೆ. ಬಾವನ ಕಲ್ಲು ಇಪ್ಪತ್ತು ವರ್ಷದಿಂದ ಮಣ್ಣು ಮೆತ್ತಿಕೊಂಡು ಕೂತಿದೆ. ಪಾಲಿಶ್ ಕೆಲಸದವನ ಮನೆಯಲ್ಲಿ ಹೊಳಪಿಲ್ಲದ ಕಲ್ಲು! ಶನಿವಾರ ಮನೆಯವರೆಲ್ಲ ಆಸ್ಪತ್ರೆಗೆ ಹೋದ ಹೊತ್ತಿನಲ್ಲಿ ಪಕ್ಕದ ಮನೆಯ ಸೆಲ್ವಿಯ ಹತ್ತಿರ ಬೀಗದ ಕೈ ಇಸಿದುಕೊಂಡು ಕಲ್ಲನ್ನು ಚೀಲಕ್ಕೆ ಹಾಕಿಕೊಂಡೆ. ಭಾನುವಾರ ಫ್ಯಾಕ್ಟರಿಗೆ ಹೋಗಿ ಕೈ ಮೆಷಿನ್ನಿಗೆ ಪ್ಯಾಡ್ ಹಾಕಿದೆ.

ಮೊದಲು ನೀರಿನ ಪೈಪ್ ಹಿಡಿದು ಸುರುಳಿಯ ಮಧ್ಯದ ಗುಳಿಯಲ್ಲಿ ಗಟ್ಟಿಯಾಗಿದ್ದ ಬೂದಿ ಜೇಡಿಯನ್ನು ಕೆರೆದು ತೆಗೆದೆ. ಆಮೇಲೆ ಒರಟು ಪ್ಯಾಡ್. ಗ್ರಾನೈಟಿನ ಮುಂದೆ ಆ ಕಲ್ಲು ಬೆಣ್ಣೆ. ಏಣು, ಗುಬಟು ಹತ್ತು ನಿಮಿಷಕ್ಕೆ ಸಮ ಆದವು. ಹಿಂಬದಿ ತಿರುಗಿಸಿದಾಗ ಕೆಂಪು ನಂಬರು ಕಂಡಿತು. ಕಂಡಿತು, ಸುಳ್ಳು ಹೇಳುವುದಿಲ್ಲ. ನಮ್ಮ ಫ್ಯಾಕ್ಟರಿಗೆ ಬರುವ ಪ್ರತಿ ಕಲ್ಲಿಗೂ ನಂಬರು ಇರುತ್ತದೆ. ಅದು ನಮ್ಮ ಕೈಗೆ ಬರುವ ಮೊದಲೇ ಆಫೀಸಿನ ಪುಸ್ತಕ ಸೇರಿರುತ್ತದೆ. ನಂಬರು ಹೋಗುವ ತನಕ ಉಜ್ಜು ಎಂಬುದು ಹೊಸಬರಿಗೆ ಕಲಿಸುವ ಮೊದಲ ಪಾಠ. ನನಗೆ ಕಲಿಸಿದವನು ಬಾವನೇ. ಎರಡು ಸುತ್ತು ಹಾಕಿದೆ. ಕೆಂಪು ನೀರು ಹರಿದು ಹೋಯಿತು.

ಸಂಜೆಗೆ ಮುಗಿಯಿತು. ಜೇನಿನ ಬಣ್ಣ. ಒಳಗಿನ ಕೋಣೆ ಕೋಣೆಗಳಲ್ಲಿ ಕಲ್ಲುಸಕ್ಕರೆಯಂಥ ಬಿಳಿ ಹರಳು. ನನ್ನ ಕೈಯಿಂದ ಅಷ್ಟು ಚೆಂದದ ಕಲ್ಲು ಹಿಂದೆ ಬಂದಿರಲಿಲ್ಲ, ಮುಂದೆಯೂ ಬರುವುದಿಲ್ಲ.

ಆ ಮನೆಯಲ್ಲಿ ಶನಿವಾರದಿಂದಲೇ ಕಲ್ಲಿಗೆ ಹುಡುಕಾಟ ನಡೆದಿತ್ತು. ಗೋಪಾಲ ಬಂದಿದ್ದ ಎಂದು ಸೆಲ್ವಿ ಹೇಳಿದ ಮೇಲೆ, ಅವನು ಜೋಪಾನ ಮಾಡಿರ್ತಾನೆ ಬಿಡಿ ಎಂದು ಬಾವನೇ ಸಮಾಧಾನ ಹೇಳಿದ್ದನಂತೆ. ಸೋಮವಾರ ಬೆಳಿಗ್ಗೆ ಹೋದೆ. ಬಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ತಯಾರಾಗಿ ಕೂತಿದ್ದ. ಯಾಕೆ ಎಂದು ನಾನು ಕೇಳಲೂ ಇಲ್ಲ. ಟವಲ್ ಬಿಚ್ಚಿ ಕಲ್ಲನ್ನು ಅವನ ತೊಡೆಯ ಮೇಲೆ ಇಟ್ಟೆ.

“ನೋಡು ಬಾವ, ಕನ್ನಡಿ!”

ಬಾವ ಕಲ್ಲನ್ನು ತಿರುಗಿಸಿದ. ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸಿದ. ಅತ್ತ ಇತ್ತ ಆಡಿಸಿದ, ಕುರುಡರು ತಡಕುವ ಹಾಗೆ.

“ನಂಬ್ರು?” ಎಂದ.

“ಹೊಳಪು ಬಂದ ಮೇಲೆ ನಂಬ್ರು ಎಲ್ಲಿರ್ತದೆ ಬಾವ?”

ಭೂಮಿಕಾ ಒಳಗಿನಿಂದ ಓಡಿ ಬಂದಳು. ಕಲ್ಲು ನೋಡಿದಳು, ನನ್ನ ಮುಖ ನೋಡಿದಳು. “ಮಾಮಾ, ಏನ್ ಮಾಡ್ಬುಟ್ಟೆ ಮಾಮಾ!” ಎಂದು ಅಲ್ಲೇ ಕುಸಿದು ಕೂತಳು. ಅವಳು ಅಳುತ್ತ ಅಳುತ್ತ ಎಲ್ಲ ಹೇಳಿದ ಮೇಲೆ ನನಗೆ ಗೊತ್ತಾಯಿತು. ಅಕ್ಕ ಬೈಯಲಿಲ್ಲ. ಬೈದಿದ್ದರೆ ನಾನೂ ಕೂಗಾಡಿ ಹಗುರ ಆಗುತ್ತಿದ್ದೆ. ಬಾವ ಮಾತ್ರ, “ಅವನಿಗೇನು ಗೊತ್ತು? ನಾನೇ ಕಲಿಸಿದ್ದು ತಾನೆ” ಎಂದ. ಆಮೇಲೆ ಕೆಮ್ಮು ಬಂತು.

ಆದರೂ ಹೋದೆವು. ಆಟೋ ಮಾಡಿಕೊಂಡು, ಬಾವನನ್ನು ಮಧ್ಯೆ ಕೂರಿಸಿಕೊಂಡು. ಮೇಡಂ ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಯಾರು ಉಜ್ಜಿದ್ದು?”

“ನಾನೇ. ಏನಾಯ್ತೀಗ?” ಎಂದೆ. ತಪ್ಪು ನನ್ನದೇ ಆದರೂ ನನ್ನ ದನಿ ಹಾಗೇ ಬಂತು. ಅವರು ತಿರುಗಿ ಬೈಯಲಿಲ್ಲ. ಕೂರಿಸಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಈ ಜೀವಿ ಬಸವನಹುಳು ಅಲ್ಲ. ಸಮುದ್ರದಲ್ಲಿ ಈಜಿ ಬೇಟೆ ಆಡುತ್ತಿತ್ತು. ಕೊನೆಯ ಕೋಣೆಯಲ್ಲಿ ಮಾತ್ರ ವಾಸ. ಮೈ ಬೆಳೆದಾಗ ಹಿಂದೆ ಒಂದು ಗೋಡೆ ಕಟ್ಟಿಕೊಂಡು ಮುಂದಕ್ಕೆ ಹೋಗುತ್ತಿತ್ತು.

“ನಮ್ ಬಾಡ್ಗೆ ಮನೆ ಹಂಗೆ” ಎಂದ ಬಾವ, ಉಸಿರು ಸಾಲದೆ ನಿಲ್ಲಿಸಿ, “ಆದ್ರೆ ಅದು ಹಳೇ ಮನೇನೂ ಹೊತ್ಕೊಂಡೇ ಹೋಗ್ತಿತ್ತು.”

ಮೇಡಂ ನಕ್ಕರು. ಕಣ್ಣು ಮಾತ್ರ ಕಲ್ಲಿನ ಮೇಲೇ ಇತ್ತು. ಆ ಗೋಡೆಗಳು ಚಿಪ್ಪಿಗೆ ಸೇರುವ ಕಡೆ ಕೊತ್ತಂಬರಿ ಎಲೆಯ ಅಂಚಿನಂಥ ಗೆರೆ ಇರುತ್ತದಂತೆ. ಆ ಗೆರೆ, ಏಣು, ಗುಬಟು, ಇವೇ ಅದರ ಜಾತಿ ಹೇಳುವುದು. ಒಂದೊಂದು ಜಾತಿಯೂ ಭೂಮಿಯ ಲೆಕ್ಕದಲ್ಲಿ ಸ್ವಲ್ಪ ಕಾಲ ಮಾತ್ರ ಬದುಕಿ ಮುಗಿದು ಹೋಗಿದೆ. ಹಾಗಾಗಿ ಯಾವ ಜಾತಿ ಯಾವ ಪದರದಲ್ಲಿ ಸಿಕ್ಕಿತು ಎಂದು ಗೊತ್ತಾದರೆ ಆ ಪದರದ ವಯಸ್ಸು ಗೊತ್ತಾಗುತ್ತದೆ. ಒಂದು ಊರಿನ ಬಾವಿಯ ಪದರವನ್ನು ಇನ್ನೊಂದು ದೇಶದ ಬೆಟ್ಟದ ಪದರಕ್ಕೆ ಹೊಂದಿಸಬಹುದು. ಈ ಕಲ್ಲಿಗೆ ಹತ್ತು ಕೋಟಿ ವರ್ಷದ ಹತ್ತಿರ ಇರಬಹುದು ಎಂದರು. ನಾನು ಕೆರೆದು ಚೆಲ್ಲಿದ ಜೇಡಿಯಲ್ಲಿ ಕಣ್ಣಿಗೆ ಕಾಣದ ಚಿಪ್ಪುಗಳು ಇದ್ದಿರುತ್ತವಂತೆ. ಅವೂ ಸಾಕ್ಷಿ ಹೇಳುತ್ತಿದ್ದವಂತೆ.

“ಅಷ್ಟು ಹಳೇ ಕಲ್ಲು ನಮ್ ಕಡೆ ಬೆಟ್ಟದಲ್ಲಿ ಸಿಗಲ್ವಾ? ನಾನು ಇನ್ನೊಂದು ಹುಡ್ಕಿ ತರ್ತೀನಿ” ಎಂದೆ.

“ನಿಮ್ಮ ಕಡೆ ಬಂಡೆ ಇದಕ್ಕಿಂತ ಎಷ್ಟೋ ಹಳೇದು ಗೋಪಾಲಪ್ಪ, ಇನ್ನೂರೈವತ್ತು ಕೋಟಿ ವರ್ಷ. ಅದು ಆದಾಗ ಚಿಪ್ಪಿರೋ ಜೀವಿಯೇ ಹುಟ್ಟಿರಲಿಲ್ಲ.” ಆಮೇಲೆ ಬಾವನ ಕಡೆ ತಿರುಗಿದರು. “ಊರು ಯಾವುದು ಅಂತ ಜ್ಞಾಪಕ ಇದೆಯಾ? ಅದೊಂದಾದರೂ ಸಿಕ್ಕಿದರೆ ಆ ಬಾವಿಯ ಮಣ್ಣು ನೋಡಬಹುದು, ಇನ್ನೊಂದು ಸಿಗಬಹುದು.”

ಬಾವ ಕಣ್ಣು ಮುಚ್ಚಿಕೊಂಡ. ಹದಿನೇಳು ಬಾವಿ. ಮೂವತ್ತೊಂದೋ, ನಲವತ್ತೊಂದೋ ಅಡಿ. ಪಕ್ಕದಲ್ಲಿ ಒಂದು ಬೇವಿನ ಮರ. ಅಷ್ಟೇ. ಭೂಮಿಕಾ ಮೊಬೈಲಿನ ಫೋಟೋ ಹಿಗ್ಗಿಸಿ ತೋರಿಸಿದಳು. ಕಲ್ಲಿನ ಅಂಚಿನಲ್ಲಿ ಕೆಂಪಗೆ ಅರ್ಧ ಅಕ್ಷರ ಕಾಣುತ್ತಿತ್ತು. ಅದು ‘ಪ’ ಆಗಬಹುದು, ‘ವ’ ಆಗಬಹುದು, ‘ಮ’ ಆದರೂ ಆಗಬಹುದು.

ನಾನು ಬಾವನ ಕಿವಿಯಲ್ಲಿ, “ಯಾವ್ದೋ ಒಂದೂರು ಹೇಳ್ಬುಡು. ಯಾರು ಹೋಗಿ ನೋಡ್ತಾರೆ? ಹೆಸ್ರು ಬೀಳ್ತದೆ” ಎಂದೆ.

“ಸುಳ್ಳು ಊರು ಹೇಳಿದ್ರೆ ಕಲ್ಲಿನ ಬಾಯಲ್ಲಿ ಸುಳ್ಳು ಹೇಳಿಸ್ದಂಗೆ ಕಣ್ಲಾ. ಅದನ್ನ ನಂಬ್ಕೊಂಡು ಈ ಮಕ್ಳು ಓದ್ಬೇಕು.”

ಮೇಡಂ ಕೇಳಿಸಿಕೊಂಡರು. ಜಾಗ ತಿಳಿಯದು ಎಂದೇ ಬರೆದು ಕಂಡವರು ಎಂದು ಹೆಸರು ಹಾಕುತ್ತೇನೆ, ಕಲ್ಲು ಇಲ್ಲಿರಲಿ, ಮಕ್ಕಳು ಕೋಣೆಗಳನ್ನು ನೋಡಲಿ ಎಂದರು. ಬಾವ ತಲೆ ಆಡಿಸಿದ. “ಎಲ್ಲಿ ಕಂಡೆ ಅಂತ ಹೇಳಕ್ಕಾಗ್ದೋನು ಕಂಡೋನು ಹೆಂಗಾದಾನು ತಾಯಿ?” ಕಲ್ಲನ್ನು ಟವಲ್ಲಿನಲ್ಲಿ ಸುತ್ತಿಕೊಂಡು ಎದ್ದ.

ಮನೆಗೆ ಬಂದ ಮೇಲೆ ಬಾವ ಊರುಗಳ ಹೆಸರು ನೆನೆಸಿಕೊಳ್ಳಲು ಕೂತ. ನೆನಪಾದದ್ದನ್ನು ಭೂಮಿಕಾಳ ಹಳೆಯ ನೋಟು ಪುಸ್ತಕದಲ್ಲಿ ನಾನು ಬರೆದುಕೊಂಡೆ. ಒಂದು ದಿನ ಒಂದು ಹೆಸರು, ನಾಲ್ಕು ದಿನ ಏನೂ ಇಲ್ಲ. ಒಂಬತ್ತು ಊರಾದವು. ಪೊಂಗಲ್ ರಜೆಯಲ್ಲಿ ನಾನು ಬಸ್ಸು ಹತ್ತಿದೆ. ಐದು ದಿನ ಸುತ್ತಿದೆ. ಗುಮ್ಮಳಾಪುರದಿಂದ ಬಾವಿ ತೋಡಲು ಬಂದವರ ನೆನಪು ಇದೆಯಾ ಎಂದು ಕಂಡ ಕಂಡ ಮುದುಕರನ್ನು ಕೇಳಿದೆ. ಎಲ್ಲ ಕಡೆ ಬೋರು ಬಂದಿದೆ. ಬಾವಿಗೆ ಕಸ, ಕಲ್ಲು, ಮಣ್ಣು ತುಂಬಿದ್ದಾರೆ. ಒಂದರಲ್ಲಿ ಮೇಲಿನ ಎರಡು ಅಡಿ ಗೋಡೆ ಇತ್ತು, ಕೆಂಪು ಗುರುತು ಇರಲಿಲ್ಲ. ಬೇವಿನ ಮರ ಎಲ್ಲ ಊರಿನಲ್ಲೂ ಇದೆ.

ನಾನು ವಾಪಸ್ಸು ಬರುವ ಹೊತ್ತಿಗೆ ಬಾವ ಆಸ್ಪತ್ರೆ ಸೇರಿದ್ದ. ಮೂಗಿಗೆ ಆಕ್ಸಿಜನ್ ಇತ್ತು. ನನ್ನನ್ನು ನೋಡಿ ಹುಬ್ಬು ಎತ್ತಿದ. ಏನು ಕೇಳುತ್ತಿದ್ದಾನೆ ಎಂದು ಗೊತ್ತಿತ್ತು.

“ಸಿಕ್ತು ಬಾವ” ಎಂದೆ.

ಅವನ ಕಣ್ಣು ಅರಳಿತು. ಒಂದು ಕ್ಷಣ ಅಷ್ಟೇ. ಮೂಗಿನ ಕೊಳವೆ ಸರಿಸಿಕೊಂಡು, “ನೀರು ಎಷ್ಟು ಅಡಿಗೆ?” ಎಂದ.

“ಮೂವತ್ತಕ್ಕೆ.”

“ಆ ಬಾವೀಲಿ ನೀರೇ ಬೀಳ್ಲಿಲ್ಲ ಕಣ್ಲಾ.” ಬಾವ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ನನ್ನ ಕೈ ಹಿಡಿದುಕೊಂಡ. “ನೀನು ಮಾತಿಗೂ ಪಾಲಿಶ್ ಹಾಕ್ತೀಯ ಗೋಪಾಲ.”

ಅದಾಗಿ ಎರಡು ತಿಂಗಳಿಗೆ, ಯುಗಾದಿಯ ಹಿಂದಿನ ಬುಧವಾರ, ಅವನು ಹೋದ. ಗುಮ್ಮಳಾಪುರದಲ್ಲಿ ಅವನ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು.

ಕಲ್ಲನ್ನು ದೇವರ ಗೂಡಿನಲ್ಲಿ ಮತ್ತೆ ಇಡಲು ಅಕ್ಕ ಒಪ್ಪಲಿಲ್ಲ. ಅದರಲ್ಲಿ ಮುಖ ಕಾಣುತ್ತದೆ, ನನಗೆ ಭಯ ಎಂದಳು. ತಿಂಗಳು ಕಳೆದ ಮೇಲೆ ನಾನೊಬ್ಬನೇ ಚೀಲದಲ್ಲಿ ಇಟ್ಟುಕೊಂಡು ಮೇಡಂ ಹತ್ತಿರ ಹೋದೆ. ಗೇಟಿನವನ ಜೊತೆ ಜಗಳ ಆಡಿಯೇ ಒಳಗೆ ಹೋದದ್ದು.

“ಬಾವನ ಹೆಸ್ರು ಹಾಕಿ ಮೇಡಂ. ಜಾಗ ಯಾಕೆ ಗೊತ್ತಿಲ್ಲ ಅನ್ನೋದನ್ನೂ ಬರೀರಿ. ಅವನು ಬರೆದಿದ್ದ, ನಾನು ಅಳಿಸ್ದೆ. ಅದು ಸುಳ್ಳಲ್ಲ. ಅದಕ್ಕೆ ಅವನೂ ಒಪ್ತಿದ್ದ.”

“ಹಾಗೆಲ್ಲ ಚೀಟಿಯಲ್ಲಿ ಬರೆಯೋದಿಲ್ಲ ಗೋಪಾಲಪ್ಪ.”

“ಬರೀರಿ ಅಂದ್ರೆ ಬರೀರಿ!” ಕೂಗಿಬಿಟ್ಟೆ. ಪಕ್ಕದ ಕೋಣೆಯಿಂದ ಹುಡುಗಿಯರು ಇಣುಕಿದರು. ಮೇಡಂ ನನ್ನನ್ನೇ ನೋಡಿದರು. ಆಮೇಲೆ ಒಂದು ರಟ್ಟಿನ ಚೀಟಿ ತೆಗೆದು ಕನ್ನಡದಲ್ಲೂ ತಮಿಳಿನಲ್ಲೂ ಬರೆದರು, ಓದಿಯೂ ಹೇಳಿದರು. ಅಮೋನೈಟ್. ಕಂಡವರು: ಚಲಪತಿ, ಗುಮ್ಮಳಾಪುರ, ಬಾವಿ ತೋಡುವಾಗ. ಜಾಗ ಮತ್ತು ಆಳವನ್ನು ಅವರು ಕಲ್ಲಿನ ಮೇಲೆ ಬರೆದಿದ್ದರು; ಗೋಪಾಲಪ್ಪ ಅವರು ಪಾಲಿಶ್ ಮಾಡುವಾಗ ಅಳಿಸಿದ್ದಾರೆ.

“‘ಅವರು’ ಬ್ಯಾಡ ಮೇಡಂ. ‘ಅಳಿಸಿದ’ ಅಂತ ಬರೀರಿ.”

ಅದೊಂದಕ್ಕೆ ಮಾತ್ರ ಅವರು ಒಪ್ಪಲಿಲ್ಲ. ಎಷ್ಟು ಕೂಗಿದರೂ ಒಪ್ಪಲಿಲ್ಲ. ಹೋದ ವಾರ ಭೂಮಿಕಾಳ ಜೊತೆ ಹೋಗಿ ನೋಡಿ ಬಂದೆ. ಗಾಜಿನ ಪೆಟ್ಟಿಗೆಯಲ್ಲಿ ಕಲ್ಲು ಇದೆ, ಚೀಟಿ ಇದೆ. ಚೀಟಿಯಲ್ಲಿ ಇನ್ನೂ ‘ಅವರು’ ಎಂದೇ ಇದೆ, ತಮಿಳಿನಲ್ಲೂ.